ಓಗೊಡುವ ತನಕ

ಸತ್ತವರು ರೇಡಿಯೋದಲ್ಲಿ ಕರೆಯತೊಡಗಿದ ಮೇಲೆ ದಾವಲಸಾಬನ ರಿಪೇರಿ ಅಂಗಡಿಗೆ ಪುರುಸೊತ್ತೇ ಇರಲಿಲ್ಲ. ಬೀಪ್ ಬೀಪ್ ಎನ್ನುತ್ತಿದ್ದ ರೇಡಿಯೋವನ್ನು ಕಸ್ತೂರೆವ್ವ ಅವನ ಮುಂದೆ ಕುಕ್ಕಿದಳು. ಹಾಸಿಗೆ ಹಿಡಿದ ಅತ್ತೆ ಬದುಕಿದ್ದಷ್ಟು ದಿನ ತಂಬಿಗೆ ಬಡಿದು ಕರೆದು ಕರೆದು ಅವಳನ್ನು ಹಣ್ಣು ಮಾಡಿದ್ದಳು. ಸತ್ತ ಮೇಲೂ ಬಿಡುವಂತೆ ಕಾಣಲಿಲ್ಲ.

"ಸೆಲ್ ತಗದ್ರೂ ನಿಲ್ಲವಲ್ದು. ಇದರ ಬಾಯಿ ಮುಚ್ಚಸ್ರಿ."

ದಾವಲಸಾಬ ಬಿಚ್ಚಿ ನೋಡಿದ. "ರೇಡಿಯೋ ಚಲೋ ಐತ್ರಿ ಅಕ್ಕಾರ. ನೀವು ಓಗೊಡೂತನಾ ನಿಲ್ಲಂಗಿಲ್ಲ."

ನೀರು ಕೇಳುತ್ತಾಳೋ, ಮಗ್ಗುಲು ಹೊರಳಿಸು ಎನ್ನುತ್ತಾಳೋ ಎಂದುಕೊಳ್ಳುತ್ತ ಕಸ್ತೂರೆವ್ವ ಗುಂಡಿ ಒತ್ತಿದಳು. "ಏನ್ರಿ ಅತ್ತಿ?"

"ಏನಿಲ್ಲವಾ," ಎಂದಿತು ಮುದಿ ದನಿ. "ನೀ ಅದೀಯೋ ಇಲ್ಲೋ ಅಂತ ನೋಡಿದ್ನಿ."

ಕಸ್ತೂರೆವ್ವ ಸ್ಟೂಲು ಎಳೆದುಕೊಂಡು ಕೂತಳು.

"ಅದೀನ್ರಿ," ಎಂದಳು.

ಬೀಪ್ ನಿಂತಿತು.