ಒಳಗೆ ಮಲಗಿರುವ ಯಜಮಾನರು

"ಇವತ್ತು ನಿಮ್ಮ ಯಜಮಾನರ ಮುಖ ನೋಡದೆ ನಾನು ಇಲ್ಲಿಂದ ಕದಲಲ್ಲ," ಎಂದು ಟೈಲರಮ್ಮ ನರ್ಸಮ್ಮನ ಮನೆಗಾಡಿಯ ಮೆಟ್ಟಿಲ ಮೇಲೆ ಕೂತೇಬಿಟ್ಟಳು. ಕೈಯಲ್ಲಿ ಇಬ್ಬರಿಗಾಗುವಷ್ಟು ಊಟದ ಡಬ್ಬಿ. ಮೆಟ್ಟಿಲ ಪಕ್ಕದಲ್ಲಿ ಎಂದಿನಂತೆ ಹನ್ನೊಂದನೇ ನಂಬರಿನ ಗಂಡಸರ ಬೂಟುಗಳು.

ನರ್ಸಮ್ಮ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. "ತಲೆನೋವು ಅಂತ ಮಲಗಿದ್ದಾರೆ ಅಕ್ಕಾ."

"ನಿನ್ನೆ ಸೊಂಟನೋವು ಅಂದ್ರಿ. ಮೊನ್ನೆ ಜ್ವರ. ನೀವು ನರ್ಸ್ ಆಗಿದ್ದವರು ತಾನೆ ಸಿಸ್ಟರ್? ಒಬ್ಬ ರೋಗಿಗೆ ದಿನಕ್ಕೊಂದು ಕಾಯಿಲೆ ಹಂಚ್ತೀರಲ್ಲ!"

ಆಸ್ಪತ್ರೆಯಲ್ಲಿ ಮೂವತ್ತೆರಡು ವರ್ಷ ದುಡಿದು, ನಿವೃತ್ತಿಯಾದ ತಿಂಗಳೇ ಈ ಗಾಡಿ ಕೊಂಡು ಊರೂರು ನೋಡಲು ಹೊರಟವಳು ನರ್ಸಮ್ಮ. ಹಾಸಿಗೆ, ಒಲೆ, ನೀರಿನ ತೊಟ್ಟಿ ಎಲ್ಲವೂ ಗಾಡಿಯೊಳಗೇ. ಮದುವೆ ಆಗಿರಲಿಲ್ಲ, ಆಗಬೇಕೆನಿಸಿದಾಗ ರಜೆ ಸಿಗಲಿಲ್ಲ ಎಂದು ತಾನೇ ನಗುತ್ತಿದ್ದಳು. ಹೊರಟ ಮೊದಲ ವರ್ಷ ಒಂದು ತಂಗುದಾಣದಲ್ಲಿ ಒಬ್ಬ "ಒಬ್ರೇನಾ?" ಎಂದು ಮೂರು ಸಲ ಕೇಳಿ, ಮುಸ್ಸಂಜೆಯಲ್ಲಿ ಬಾಗಿಲ ಹಿಡಿ ತಿರುಗಿಸಿ ನೋಡಿದ್ದ. ಮರುದಿನವೇ ಹಳೇ ಸಾಮಾನಿನ ಅಂಗಡಿಯಲ್ಲಿ ಈ ಬೂಟು ಕೊಂಡಳು. ಹೊರಗೆ ಎರಡು ಕುರ್ಚಿ ಹಾಕುವುದು, ಹಗ್ಗದ ಮೇಲೆ ದೊಡ್ಡ ಅಂಗಿಯೊಂದನ್ನು ಒಣಹಾಕುವುದು, ಇವೆಲ್ಲ ಒಂಟಿಯಾಗಿ ತಿರುಗುವ ಹೆಂಗಸರು ಒಬ್ಬರಿಂದೊಬ್ಬರು ಕಲಿತುಕೊಳ್ಳುವ ವಿದ್ಯೆ. ನಾಲ್ಕು ವರ್ಷದಲ್ಲಿ ಈ ಗಂಡ ಒಂದು ದಿನವೂ ಅವಳಿಗೆ ತೊಂದರೆ ಕೊಟ್ಟಿರಲಿಲ್ಲ.

ತೊಂದರೆ ಶುರುವಾದದ್ದು ಮೂರು ದಿನದ ಹಿಂದೆ, ಈ ಕಡಲತೀರದ ತಂಗುದಾಣದಲ್ಲಿ ಪಕ್ಕಕ್ಕೆ ಗಾಡಿ ತಂದು ನಿಲ್ಲಿಸಿದ ಟೈಲರಮ್ಮನಿಂದ. ಹೊಲಿಗೆ ಅಂಗಡಿಯನ್ನು ಮಗಳ ಕೈಗೆ ಕೊಟ್ಟು ಗಂಡನ ಜೊತೆ ಊರು ಸುತ್ತಲು ಹೊರಟಾಕೆ. ಬಂದ ಗಂಟೆಯೊಳಗೆ ಸಾಲಿನಲ್ಲಿದ್ದ ಅಷ್ಟೂ ಗಾಡಿಗಳ ಕಷ್ಟಸುಖ ವಿಚಾರಿಸಿ, ಒಬ್ಬರದನ್ನು ಇನ್ನೊಬ್ಬರಿಗೆ ಮುಟ್ಟಿಸಿಯೂ ಬಿಟ್ಟಿದ್ದಳು. ಹೊಟ್ಟೆಯಲ್ಲಿ ಒಂದು ಮಾತು ನಿಲ್ಲುವುದಿಲ್ಲ, ಆದರೆ ಕರುಳು ದೊಡ್ಡದು. ನಿನ್ನೆ ಅವಳೂ ನರ್ಸಮ್ಮನೂ ಏದುಸಿರು ಬಿಡುತ್ತ ಇನ್ನೂರು ಮೆಟ್ಟಿಲಿನ ದೀಪಸ್ತಂಭ ಹತ್ತಿದ್ದರು. ಮೇಲೆ ನಿಂತು ಸಮುದ್ರ ನೋಡುತ್ತಿದ್ದ ಟೈಲರಮ್ಮ ಇದ್ದಕ್ಕಿದ್ದಂತೆ, "ಇಷ್ಟು ಚಂದದ್ದು ನೋಡೋಕೂ ಏಳಲ್ಲ ಅಂದ್ರೆ ಅದೆಂಥ ಗಂಡಸು ರೀ! ನೀರು ತುಂಬೋದು ನೀವು, ಕೊಳೆ ನೀರು ಚೆಲ್ಲೋದು ನೀವು, ಗಾಡಿ ಓಡಿಸೋದೂ ನೀವೇ," ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ತನಗಾಗಿ ಯಾರಾದರೂ ಕಣ್ಣೀರು ಹಾಕಿ ಯಾವ ಕಾಲವಾಯಿತೋ! ನಿಜ ನರ್ಸಮ್ಮನ ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡಳು. ಈಕೆಗೆ ಹೇಳಿದರೆ ಸಾಲಿಗೆಲ್ಲ ಹೇಳಿದಂತೆ.

ಇವತ್ತಂತೂ ಅದು ಯಾರಿಗೂ ಗೊತ್ತಾಗಲು ಬಿಡುವಂತಿರಲಿಲ್ಲ. ಬೆಳಿಗ್ಗೆ ಎದುರುಗಡೆ ಇಬ್ಬರು ಗಂಡಸರು ಬಂದು ಬೀಡುಬಿಟ್ಟಿದ್ದರು. ನಲ್ಲಿಯ ಹತ್ತಿರ ಅವರಲ್ಲೊಬ್ಬ, "ಒಬ್ರೇ ನೀರು ಹೊರ್ತಿದ್ದೀರಲ್ಲ, ಜೊತೇಲಿ ಯಾರೂ ಇಲ್ವಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಅವಳ ಗಾಡಿಯ ಬಾಗಿಲನ್ನೇ ನೋಡಿದ್ದ. ಟೈಲರಮ್ಮ ನಾಳೆ ಹೊರಟುಬಿಡುತ್ತಾಳೆ. ತನ್ನ ಗಾಡಿಯ ಇಂಜಿನ್ನಿನ ಹರಿದ ಬೆಲ್ಟಿಗೆ ಬದಲಿ ಬರುವವರೆಗೆ, ಇನ್ನೂ ಎರಡು ದಿನ, ನರ್ಸಮ್ಮ ಇಲ್ಲೇ.

"ಸ್ವಾಮೀ! ಸ್ವಲ್ಪ ಎದ್ದು ಬನ್ನಿ!" ಟೈಲರಮ್ಮ ಎದ್ದು ನಿಂತು ಕಿಟಕಿಗೆ ಬಾಯಿಟ್ಟು ಕೂಗಿದಳು. "ಹೊರಡೋಕೆ ಮುಂಚೆ ನಿಮಗೆ ನಾಲ್ಕು ಮಾತು ಹೇಳ್ಲೇಬೇಕು ನಾನು!"

ಎದುರಿನ ಇಬ್ಬರೂ ಕತ್ತೆತ್ತಿ ನೋಡಿದರು. ಇನ್ನೊಂದು ಕೂಗಿಗೂ ಒಳಗಿನಿಂದ ಉತ್ತರ ಬಾರದಿದ್ದರೆ ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ನರ್ಸಮ್ಮ ಟೈಲರಮ್ಮನ ರಟ್ಟೆ ಹಿಡಿದು ಒಳಗೆಳೆದುಕೊಂಡು ಬಾಗಿಲು ಹಾಕಿದಳು.

ಒಬ್ಬರ ಅಗಲದ ಹಾಸಿಗೆ. ಒಂದು ದಿಂಬು. ತೊಳೆದು ಬೋರಲು ಹಾಕಿದ ಒಂದೇ ಲೋಟ. ಟೈಲರಮ್ಮ ಪರದೆ ಸರಿಸಿ ಬಚ್ಚಲನ್ನೂ ಇಣುಕಿ ನೋಡಿದಳು.

"ಎಲ್ರೀ ಅವರು?"

"ಇಲ್ಲ."

"ಇಲ್ಲ ಅಂದ್ರೆ... ಅಯ್ಯೋ, ಯಾವಾಗ ಹೋದ್ರು?"

"ಹೋಗೋಕೆ, ಬಂದಿದ್ರೆ ತಾನೆ ಅಕ್ಕಾ? ನಾನೊಬ್ಬಳೇ. ಮೊದಲಿಂದಲೂ ಒಬ್ಬಳೇ."

ಟೈಲರಮ್ಮ ಹಾಸಿಗೆಯ ಅಂಚಿಗೆ ಕುಸಿದಳು. "ಮತ್ತೆ, ಮೂರು ದಿನ ಅವರಿಗೆ ಅಂತ ಕೊಟ್ಟ ಊಟ?"

"ನಾನೇ ತಿಂದೆ. ಚೆನ್ನಾಗಿತ್ತು."

ಟೈಲರಮ್ಮ ಕಿಟಕಿಯಿಂದ ಎದುರಿನ ಇಬ್ಬರನ್ನು ನೋಡಿದಳು. ಆಗಲೇ ಚಿಲಕದ ಮೇಲಿದ್ದ ನರ್ಸಮ್ಮನ ಕೈ ನೋಡಿದಳು. ಡಬ್ಬಿಯನ್ನು ಒಲೆಯ ಪಕ್ಕ ಇಟ್ಟು, ಬಾಗಿಲು ತೆಗೆದು ಇಳಿದುಹೋದಳು. ಮುಗಿಯಿತು, ಸಾಲಿಗೆಲ್ಲ ಸುದ್ದಿ ಹಬ್ಬಲು ಇನ್ನು ಐದು ನಿಮಿಷ ಸಾಕು ಎಂದುಕೊಂಡು ನರ್ಸಮ್ಮ ಚಿಲಕ ಹಾಕಿಕೊಂಡಳು.

"ಏನಂತಾರೆ ಯಜಮಾನರು?" ಹೊರಗೆ ಟೈಲರಮ್ಮನ ಗಂಡನ ದನಿ.

"ಉಸ್ಸಪ್ಪಾ!" ಟೈಲರಮ್ಮನ ಗಂಟಲು ಸಾಲಿನ ಕೊನೆಯ ಗಾಡಿಯವರೆಗೂ ಕೇಳಿಸಿತು. "ಆರೂವರೆ ಅಡಿ ಆಳು ಕಣ್ರೀ! ಎದೆ ನಲವತ್ತೆಂಟು ಇಂಚು, ನನ್ನ ಕಣ್ಣಳತೆ ತಪ್ಪಲ್ಲ. ಕುಸ್ತಿ ಮಾಡಿದ ಮೈಯಂತೆ. ಒಂದು ಕಡ್ಡಿ ಅಲ್ಲಾಡಿದ್ರೂ ಎಚ್ಚರ ಆಗುತ್ತಂತೆ. ಬೈಲಿಲ್ಲ, ಗದರಲಿಲ್ಲ, ಎದ್ದು ಕೂತು ಸುಮ್ನೆ ನೋಡಿದ್ರು ಅಷ್ಟೇ. ನನ್ನ ಬಾಯೇ ಕಟ್ಟಿಹೋಯ್ತು, ವಾಪಸ್ ಬಂದುಬಿಟ್ಟೆ!"

"ನಿನ್ನ ಬಾಯಿ? ಬರೀ ನೋಡಿದ್ದಕ್ಕೆ?" ಗಂಡನ ದನಿಯಲ್ಲಿ ಭಕ್ತಿಯಿತ್ತು.

ಒಳಗೆ ನರ್ಸಮ್ಮ ಡಬ್ಬಿ ಬಿಚ್ಚಿಕೊಂಡು ಕೂತು, ತನ್ನ ಗಂಡ ಎಂಥವನೆಂದು ಮೊದಲ ಸಲ ಕೇಳಿಸಿಕೊಂಡಳು.