ಹುಡುಗ ಯಾರು?

ಡ್ರೈವರ್ ಗಕ್ಕನೆ ಬ್ರೇಕ್ ಹಾಕಿದ. ಬಸ್ಸಿನಲ್ಲಿ ನಿಂತಿದ್ದವರು ಒಬ್ಬರ ಮೇಲೊಬ್ಬರು ಬಿದ್ದು ಬಾಯಿಗೆ ಬಂದಂತೆ ಬೈದರು. ಅವನಿಗೆ ಕೇಳಿಸಲಿಲ್ಲ. ರಸ್ತೆಯಾಚೆ, ಹದಿಹರೆಯದವರ ಆರೋಗ್ಯ ಕೇಂದ್ರದಿಂದ ಶಾಲೆಯ ಸಮವಸ್ತ್ರದಲ್ಲೇ ಅಳುತ್ತಾ ಹೊರಬರುತ್ತಿದ್ದವಳು ಅವನ ಮಗಳು. ಇನ್ನೂ ಹದಿನಾರು ತುಂಬಿಲ್ಲ.

ಆ ಕೇಂದ್ರ ಅವನಿಗೆ ಹೊಸದಲ್ಲ. ಹೆತ್ತವರು ಜೊತೆಗಿಲ್ಲದೆ ಯಾವ ಹುಡುಗಿಯನ್ನೂ ಅಲ್ಲಿ ಪರೀಕ್ಷಿಸಕೂಡದೆಂದು ಬೀದಿಯವರನ್ನೆಲ್ಲ ಕೂಡಿಸಿಕೊಂಡು ನಗರಸಭೆಯ ಮುಂದೆ ಧರಣಿ ಕೂತವನೇ ಅವನು. ನಿಯಮ ಬಂದ ದಿನ, "ಇನ್ಮೇಲೆ ನಮ್ಮ ಮಕ್ಕಳು ನಮ್ಮ ಕೈಲಿರ್ತಾರೆ" ಎಂದು ಬೀಗಿದ್ದ.

ಉಳಿದ ದಾರಿ ಬಸ್ಸು ಹೇಗೆ ಓಡಿಸಿದನೋ ಅವನಿಗೇ ತಿಳಿಯದು. ಮನೆಗೆ ಬಂದವನೇ ಒಳಗಿನಿಂದ ಚಿಲಕ ಹಾಕಿದ.

"ಯಾರವನು?"

ಮಗಳು ಬಾಯಿ ತೆರೆಯುವ ಮೊದಲೇ ಕೆನ್ನೆಗೊಂದು ಬಿತ್ತು. ಹೆಂಡತಿ ಓಡಿ ಬಂದು ನಡುವೆ ನಿಂತಳು. "ಮಗನಿಗೆ ಬೆಳಗ್ಗೆಯಿಂದ ಜ್ವರ, ಮುಸುಕು ಹಾಕ್ಕೊಂಡು ಮಲಗಿದಾನೆ. ನಿಮ್ಮದೇನ್ರೀ ಗಲಾಟೆ?"

"ನನಗೇನೂ ಆಗಿಲ್ಲಪ್ಪ," ಎಂದಳು ಮಗಳು. "ಬಸಿರಾಗಿದ್ದು ನನ್ನ ಗೆಳತಿ. ಹೋದ ವಾರ ನಾನೇ ಅಲ್ಲಿಗೆ ಕರ್ಕೊಂಡು ಹೋಗಿದ್ದೆ. ಅಪ್ಪ ಅಮ್ಮ ಯಾರಾದ್ರೂ ಬರ್ಲೇಬೇಕು ಅಂತ ನರ್ಸಮ್ಮ ವಾಪಸ್ ಕಳಿಸಿದ್ರು. ಮನೇಲಿ ಹೇಳಿದ್ರೆ ಕೊಂದೇ ಹಾಕ್ತಾರೆ ಅಂತ ಅವಳು ಯಾರೋ ಕೊಟ್ಟ ಮಾತ್ರೆ ನುಂಗಿದ್ಲು."

"ಮತ್ತೆ ಇವತ್ತು ಯಾಕೆ ಹೋಗಿದ್ದೆ?"

"ಬೆಳಗ್ಗೆ ಅವಳು ತೀರ್ಕೊಂಡ್ಲು. ನರ್ಸಮ್ಮನಿಗೆ ಹೇಳಿ ಬರೋಣ ಅಂತ. ಪಾಪ, ಅವರೂ ಅತ್ತುಬಿಟ್ರು."

ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಡ್ರೈವರ್‌ನ ಎದೆ ಮಾತ್ರ ಹಗುರಾಯಿತು. ಸದ್ಯ, ನಮ್ಮನೆ ಹುಡುಗಿಯಲ್ಲ. ಮರುಕ್ಷಣವೇ ನಾಚಿಕೆಯಾಯಿತು. ಆ ನಾಚಿಕೆಯೇ ಸಿಟ್ಟಾಯಿತು.

"ಆ ಮಗೂನ ಬಲಿ ತಗೊಂಡೋನು ಯಾರು, ಹೇಳು. ಅವನಪ್ಪನ ಕೊರಳಪಟ್ಟಿ ಹಿಡಿದು ಕೇಳ್ತೀನಿ, ಗಂಡುಮಗನ್ನ ಬೆಳೆಸೋದು ಹೀಗೇನಾ ಅಂತ."

"ಬೇಡಪ್ಪ."

"ಯಾಕೆ ಬೇಡ? ಯಾರಾದ್ರೂ ಕೇಳಲೇಬೇಕು!" ಎಂದು ಒಳಕೋಣೆಯತ್ತ ಕೂಗಿದ. "ಲೋ, ಜ್ವರ ಆಮೇಲೆ. ಎದ್ದು ಬಾ, ಹೋಗೋಣ."

ಒಳಗಿನಿಂದ ಯಾರೂ ಎದ್ದು ಬರಲಿಲ್ಲ.

"ಎಲ್ಲಿಗೂ ಹೋಗೋದು ಬೇಡ," ಎಂದಳು ಮಗಳು, ಕೆನ್ನೆಯಿಂದ ಕೈ ತೆಗೆಯದೆ. "ಅವನು ಅಣ್ಣನೇ."