ಮೂಲಕ್ಕಿಂತ ಮೇಲೆ

ಪರದೆಯ ಮೇಲೆ ಕೊನೆಯ ಉತ್ತರದ ಮುಂದೆ ಮತ್ತೆ ಕೆಂಪು ಗುರುತು ಬಂತು. ಲಿಫ್ಟ್ ಮೆಕ್ಯಾನಿಕ್ ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸಿ ಹಾಕಿಕೊಂಡ. ಗುರುತು ಕೆಂಪಾಗಿಯೇ ಇತ್ತು. ಈ ಸಂಜೆ ಕಂಪ್ಯೂಟರ್ ತರಗತಿಯ ಪರೀಕ್ಷೆ ಪಾಸಾದರೆ ಕಂಪನಿಯ ಕಂಟ್ರೋಲ್ ರೂಮಿನಲ್ಲಿ ಅವನಿಗೊಂದು ಕುರ್ಚಿ. ಇಲ್ಲವಾದರೆ ನಾಳೆಯೂ ಊದಿದ ಮೊಣಕಾಲು ಎಳೆದುಕೊಂಡು ಲಿಫ್ಟಿನ ತಳದ ಗುಂಡಿಗೆ ಇಳಿಯಬೇಕು.

ಲೆಕ್ಕ ನೋಡಲು ಸಣ್ಣದು. ಕಂಪ್ಯೂಟರಿನ ಒಂದು ಫೈಲಿಗೆ ಹೋಗುವ ದಾರಿಯನ್ನು ಯಾರೋ ಸುತ್ತಿ ಬಳಸಿ ಬರೆದಿರುತ್ತಾರೆ. ಅದನ್ನು ನೇರ ಮಾಡಿಕೊಡಬೇಕು. ಒಂದು ಚುಕ್ಕೆ ಬಂದರೆ ಇದ್ದಲ್ಲೇ ಇರು. ಎರಡು ಚುಕ್ಕೆ ಬಂದರೆ ಒಂದು ಹಂತ ಮೇಲಕ್ಕೆ ಹೋಗು. ಎಲ್ಲಕ್ಕೂ ಮೇಲಿರುವುದು ಮೂಲ. ಅದರಾಚೆ ಏನೂ ಇಲ್ಲ. ಉಳಿದ ದಾರಿಗಳನ್ನೆಲ್ಲ ಅವನು ಬರೆದ ಪ್ರೋಗ್ರಾಂ ದಾರ ಎಳೆದಂತೆ ನೇರ ಮಾಡಿತ್ತು. ಮೂಲದಲ್ಲೇ ನಿಂತು ಇನ್ನೂ ಮೇಲಕ್ಕೆ ಕೇಳುವ ಒಂದರಲ್ಲಿ ಮಾತ್ರ ಮುಗ್ಗರಿಸುತ್ತಿತ್ತು.

"ಏನಣ್ಣಾ, ನಡುಮಧ್ಯ ಸಿಕ್ಕಾಕ್ಕೊಂಡ್ರಾ? ಯಾರನ್ನಾದ್ರೂ ಕರೀಲಾ?" ಪಕ್ಕದ ಕುರ್ಚಿಯ ಔಷಧಿ ಅಂಗಡಿಯವಳು ಚೀಲ ಹೆಗಲಿಗೇರಿಸುತ್ತ ಕೇಳಿದಳು. ಅವಳದು ಆಗಲೇ ಮುಗಿದಿತ್ತು.

ಕರೆಯದೆಯೇ ಶಿಕ್ಷಕಿ ಬಂದು ಪರದೆಯತ್ತ ಬಗ್ಗಿದಳು. ವಯಸ್ಸಿನಲ್ಲಿ ಅವನ ಮಗಳಿಗಿಂತ ಚಿಕ್ಕವಳು.

"ಇದೇನ್ರೀ ಇದು, ‘ನಿಲ್ಲಿ, ಮೇಲೆ ದಾರಿ ಇಲ್ಲ’ ಅಂತ?"

"ಅಪಾಯದ ಗಂಟೆ ಮೇಡಂ. ಮಿತಿ ದಾಟೋಕೆ ಹೋದ್ರೆ ನಿಲ್ಲಿಸಿ ಹೇಳ್ಬೇಕಲ್ವಾ."

"ಇಲ್ಲಿ ಹಾಗಿಲ್ಲ. ಮೂಲದಲ್ಲಿ ಎರಡು ಚುಕ್ಕೆ ಬಂದ್ರೆ ಮೂಲದಲ್ಲೇ ಇರೋದು, ಅಷ್ಟೆ. ಏನೂ ಹೇಳ್ಬಾರ್ದು."

"ಮತ್ತೆ, ಮೇಲಕ್ಕೆ ಕೇಳಿದೋರಿಗೆ ದಾರಿ ಇಲ್ಲ ಅಂತ ಹೇಗೆ ಗೊತ್ತಾಗೋದು?"

"ಅಯ್ಯೋ, ನಿಯಮ ಮಾಡಿದ್ದು ನಾನಲ್ಲಪ್ಪ! ಆ ಒಂದು ಸಾಲು ಅಳಿಸಿ, ಸಾಕು. ಬೀಗ ಹಾಕೋ ಹೊತ್ತಾಯ್ತು."

ಅವನ ಬೆರಳು ಅಳಿಸುವ ಕೀಲಿಯ ಮೇಲೆ ಹೋಗಿ ನಿಂತಿತು. ಗಂಟೆ ಕೆಟ್ಟ ಲಿಫ್ಟನ್ನು ಅವನು ಒಂದು ದಿನವೂ ಓಡಲು ಬಿಟ್ಟವನಲ್ಲ. ಅದಕ್ಕಾಗಿ ಎಷ್ಟೋ ಕಟ್ಟಡದ ಮಾಲೀಕರಿಂದ ಮಂಗಳಾರತಿ ಮಾಡಿಸಿಕೊಂಡಿದ್ದ. ಹಾಗೆಂದು ಇದೇನು ಲಿಫ್ಟೇ? ಒಳಗೆ ಯಾರೂ ಇಲ್ಲ. ಇಷ್ಟು ಸಣ್ಣದಕ್ಕೆ ಹಟ ಹಿಡಿದರೆ ಮೂರ್ಖ ಎನ್ನುವುದಿಲ್ಲವೇ? ಮೇಜಿನ ಕೆಳಗೆ ಮೊಣಕಾಲು ಚಳಕ್ ಎಂದಿತು. ಅಳಿಸಿದ.

ಹಸಿರು.

"ಪಾಸು!" ಔಷಧಿ ಅಂಗಡಿಯವಳು ಚಪ್ಪಾಳೆ ತಟ್ಟಿದಳು. "ಇನ್ನು ಕೂತ್ಕೊಂಡು ಕೂತ್ಕೊಂಡು ಹೊಟ್ಟೆ ಬೆಳೆಸಿ."

ಅವನು ಏಳಲಿಲ್ಲ. ಅಳಿಸಿದ ಸಾಲಿನ ಜಾಗವನ್ನೇ ನೋಡುತ್ತಿದ್ದ.

"ಪಾಸಾದೋರ ಮುಖಾನಾ ಇದು?" ಎಂದಳು ಶಿಕ್ಷಕಿ, ಬೀಗದ ಕೈ ಹುಡುಕುತ್ತ.

"ನಾನು ಹೇಳೋದು ತಪ್ಪಿರಬಹುದು ಮೇಡಂ," ಅವನು ತಡೆದು ತಡೆದು ಹೇಳಿದ. "ಕೊನೇ ಮಹಡೀಲಿ ನಾವು ಮೇಲಕ್ಕೆ ಅನ್ನೋ ಬಟನ್ನೇ ಇಡಲ್ಲ. ಕೆಳಕ್ಕೆ ಒಂದೇ. ಈ ಪ್ರೋಗ್ರಾಂನಲ್ಲಿ ಒತ್ತೋಕೆ ಬಿಟ್ಬಿಟ್ಟು ಸುಮ್ಮನಾಗ್ಬಿಡ್ತೀವಿ. ಪಾಪ, ಒತ್ತಿದೋರು ಲಿಫ್ಟ್ ಬರುತ್ತೆ ಅಂತ ನಿಂತೇ ಇರ್ತಾರೇನೋ."